ಪಿಕ್ ಮುಟ್ಟದ ಕಾಕಾ

ಅವತ್ತು ರವಿವಾರ. ಬೆಳಗಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಬನಹಟ್ಟಿಯ ತವರುಮನೆಯ ಪಡಸಾಲೆಯಲ್ಲಿ ಕುಳಿತು ಕತ್ತರಿಯಿಂದ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣದ ಬಾಯಿ ಕತ್ತರಿಸಿದೆ. ಗಡಿಯಾರ ನೋಡಿದ್ದು ಬೇರೆ ಕಾರಣಕ್ಕೆ. ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಬೇಳೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಹನ್ನೊಂದು ಇಪ್ಪತ್ತು ಎಂಬುದು ಮಾತ್ರ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿದೆ. ಅದಾದ ನಾಲ್ಕೈದು ನಿಮಿಷಕ್ಕೆ ಹದಿನಾಲ್ಕು ತಿಂಗಳ ನನ್ನ ಮಗಳ ಉಸಿರು ನಿಂತಿತು. ಗಾಬರಿಯಾಗಬೇಡಿ, ಮಗು ಚೆನ್ನಾಗಿದೆ. ನಾನು ಇದನ್ನು ಬರೆಯುತ್ತಿರುವಾಗ ಪಕ್ಕದಲ್ಲೇ ಕೂತು ಪೆನ್ನಿನ ಮುಚ್ಚಳ ಕೊಡು ಎಂದು ಕೈ ಚಾಚುತ್ತಿದ್ದಾಳೆ. ನಾನು ಕೊಡುತ್ತಿಲ್ಲ. ಇನ್ನು ಹತ್ತು ವರ್ಷ ಕೊಡುವ ಇರಾದೆಯೂ ಇಲ್ಲ.

ಆದರೆ ಇದನ್ನೆಲ್ಲ ಹೇಳಬೇಕೆಂದರೆ ಕತ್ತರಿಯಿಂದ ಶುರು ಮಾಡಿದರೆ ಆಗದು, ಬೆರಳಿನಿಂದಲೇ ಶುರು ಮಾಡಬೇಕು. ನಮ್ಮ ಕಾಕಾನ ಬಲಗೈ ತೋರುಬೆರಳಿಗೆ ಸಿಕ್ಕಷ್ಟು ಆರೈಕೆ ಈ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಯಾವ ಮದುಮಗಳಿಗೂ ಸಿಕ್ಕಿರಲಾರದು. ಅದಕ್ಕೆ ಎಣ್ಣೆ ಬೇರೆ, ಬಿಸಿಲು ಬೇರೆ, ಉಪವಾಸ ಒಂದು ಬಾಕಿ.

ಕಾಕಾ ನಮ್ಮ ಅಪ್ಪನ ತಮ್ಮ. ಮದುವೆಯಾಗಿಲ್ಲ. ಮನೆಯ ಮುಂಭಾಗದಲ್ಲಿ ಎರಡು ಪವರ್ ಲೂಮ್ ಮಗ್ಗಗಳಿವೆ, ಹಗಲೆಲ್ಲ ಅವುಗಳ ಮುಂದೆ ಇರುತ್ತಾನೆ. ಉಳಿದ ಹೊತ್ತಿನಲ್ಲಿ, ಮತ್ತು ನಿಜ ಹೇಳಬೇಕೆಂದರೆ ಮಗ್ಗದ ಹೊತ್ತಿನಲ್ಲೂ, ಅವನು ಬೇಸ್ ಗಿಟಾರ್ ಬಾರಿಸುವವನು. ಮದುವೆ, ಗಣಪತಿ ಹಬ್ಬ, ಕಾಲೇಜಿನ ಗ್ಯಾದರಿಂಗ್ ಎಲ್ಲಿ ರಸಮಂಜರಿ ಇದ್ದರೂ ವೇದಿಕೆಯ ಹಿಂದಿನ ಮೂಲೆಯಲ್ಲಿ, ಡ್ರಮ್ಮಿನ ಪಕ್ಕ, ಬೆಳಕು ಬೀಳದ ಜಾಗದಲ್ಲಿ ಒಬ್ಬ ನಿಂತಿರುತ್ತಾನಲ್ಲ, ಅವನೇ ನಮ್ಮ ಕಾಕಾ. ಫೋಟೋದಲ್ಲಿ ಅವನ ಒಂದು ಮೊಣಕೈ ಬಂದಿರುತ್ತದೆ.

ಯಾರೋ ಬಳಸಿ ಬಿಟ್ಟ ಈ ವಾದ್ಯವನ್ನು ಅವನು ಮಿರಜಿನಿಂದ ತಂದ ದಿನ ಅವನ ವೈನಿ, ಅಂದರೆ ಅತ್ತಿಗೆಯಾದ ನಮ್ಮ ಅವ್ವ, ಅದರ ತಂತಿ ಎಣಿಸಿದಳಂತೆ.

"ನಾಕ ತಂತಿ ಅದಾವಲ್ಲೋ ತಮ್ಮಾ. ಬಾಜೂ ಮನಿ ಹುಡುಗನ ಗಿಟಾರಕ್ಕ ಆರ ಅದಾವ. ಎರಡು ಕಡಿಮಿ ಕೊಟ್ಟು ಕಳಿಸ್ಯಾರ ನಿನಗ."

"ವೈನೀ, ಇದು ಬೇಸ್ ರೀ. ಇದಕ್ಕ ನಾಕ."

"ಅಂಗಡ್ಯಾಂವ ಹಂಗಂದ ಏನು?"

ಬೇಸ್ ಎಂದರೆ ಏನು ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಕಾಕಾ ಕೊಟ್ಟ ಉತ್ತರವನ್ನು ಈಗ ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವಾಗ ನಾನೂ ಹೇಳುತ್ತೇನೆ. "ನಮ್ಮ ಓಣ್ಯಾಗ ಮಗ್ಗದ ಸಪ್ಪಳ ನಿನಗ ಕೇಳಸ್ತೇತೇನು? ಇಲ್ಲ. ಕರೆಂಟ್ ಹೋದಾಗ?" ಕರೆಂಟ್ ಹೋದಾಗ ಇಡೀ ಓಣಿ ಬೆಚ್ಚಿ ತಲೆ ಎತ್ತುತ್ತದೆ. "ಅದ ಬೇಸ್. ಇದ್ದಾಗ ಯಾರಿಗೂ ಬೇಕಾಗಿಲ್ಲ, ನಿಂತ ಕೂಡಲೆ ಎಲ್ಲಾರಿಗೂ ಗೊತ್ತಾಗ್ತೇತಿ." ಆದ್ದರಿಂದ ತನ್ನ ಕಿವಿ ಸದ್ದು ಕೇಳುವ ಕಿವಿಯಲ್ಲ, ಸದ್ದು ನಿಂತದ್ದನ್ನು ಕೇಳುವ ಕಿವಿ ಎಂದು ಅವನು ಹೇಳಿಕೊಳ್ಳುತ್ತಿದ್ದ. ನಾವು ನಗುತ್ತಿದ್ದೆವು.

ಬೇಸ್ ಗಿಟಾರಿಗೆ ಪೆಟ್ಟಿಗೆ ಇರಲಿಲ್ಲ. ಅಂಚು ತಪ್ಪಿ ಮಾರಾಟಕ್ಕೆ ಹೋಗದ ಒಂದು ಹಸಿರು ಸೀರೆಯಲ್ಲಿ ಅದನ್ನು ಸುತ್ತಿ, ಸೆರಗನ್ನು ಮೇಲೆ ಗಂಟು ಹಾಕಿ ಬಸ್ಸಿಗೆ ಹೊರಡುತ್ತಿದ್ದ. ಹಿಪ್ಪರಗಿಯ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಬೇಸ್, ಅದರ ಪಕ್ಕ ಕಾಕಾ. ಒಮ್ಮೆ ಕಂಡಕ್ಟರ್ ಎರಡು ಟಿಕೆಟ್ ಹರಿದನಂತೆ. ಕಾಕಾ ಜಗಳ ಮಾಡಲಿಲ್ಲ. "ಸೀಟ್ ಹಿಡದಾಳಲ್ಲ ಆಕಿ," ಎಂದು ಎರಡೂ ತೆಗೆದುಕೊಂಡ.

ಇಂಥ ಮನುಷ್ಯನ ಜೀವನದಲ್ಲಿ ಒಂದೇ ಒಂದು ಕೊರತೆ ಇತ್ತು. ಅವನಿಗೆ 'ಟಕ್' ಬೇಕಾಗಿತ್ತು.

ಸ್ವಲ್ಪ ತಾಳ್ಮೆಯಿಂದ ಕೇಳಿ. ಬೇಸ್ ತಂತಿಯನ್ನು ಬೆರಳಿನಿಂದ ಮೀಟಿದರೆ 'ದುಂ' ಎನ್ನುತ್ತದೆ, ಕಂಬಳಿ ಹೊದ್ದ ಸದ್ದು. ಪಿಕ್ಕಿನಿಂದ ಮೀಟಿದರೆ ಆ ದುಂ ಶುರುವಾಗುವ ಮೊದಲು ಒಂದು ಸಣ್ಣ ಟಕ್ ಇರುತ್ತದೆ, ಮಗ್ಗದಲ್ಲಿ ಲಾಳಿ ಹಾರುವ ಮೊದಲಿನ ಏಟಿನಂತೆ. ಪಿಕ್ ಎಂದರೆ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಮೂರು ಮೂಲೆಯ ಪ್ಲಾಸ್ಟಿಕ್ ಬಿಲ್ಲೆ. ಯಾವ ವಾದ್ಯದ ಅಂಗಡಿಗೆ ಹೋದರೂ ಸಿಗುತ್ತದೆ. ಟಕ್ ಬೇಕೆಂದರೆ ಪಿಕ್ ಹಿಡಿಯಬೇಕು, ಅಷ್ಟೆ. ಕಾಕಾಗೆ ಟಕ್ ಬೇಕು, ಪಿಕ್ ಬೇಡ. ಕೈಯಿಂದಲೇ ಬರಬೇಕು.

ಯಾಕೆ ಬೇಡ? ಇದಕ್ಕೆ ಅವನ ಬಳಿ ಕೇಳುವವರಿಗೆ ತಕ್ಕಂತೆ ಉತ್ತರಗಳಿದ್ದವು. ಡ್ರಮ್ಮಿನವನಿಗೆ, "ಚಮಚಾದ್ಲೆ ಉಂಡ್ರ ರುಚಿ ಗೊತ್ತಾಗ್ತೇತೇನಲೇ?" ಅಪ್ಪನಿಗೆ, "ಕಳೀತಾವಣ್ಣಾ, ಸಂದ್ಯಾಗ ಬಿದ್ರ ಸಿಗೂದಿಲ್ಲ." ನಮ್ಮವರಿಗೆ, ಅಂದರೆ ಬಾಡಗಂಡಿಯ ಕಡೆ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ, ಬಹಳ ಗಂಭೀರವಾಗಿ, "ಪ್ಲಾಸ್ಟಿಕ್ ನನ್ನ ಮೈಗೆ ಬರೂದಿಲ್ರಿ." ಹೇಳುವಾಗ ಕೈಯಲ್ಲಿ ಪ್ಲಾಸ್ಟಿಕ್ ತಂಬಿಗೆ ಇತ್ತು.

ಹೀಗೆ ಶುರುವಾದವು ಬೆರಳಿನ ಪ್ರಯೋಗಗಳು.

ಮೊದಲು ಉಗುರು ಬೆಳೆಸಿದ. ಒಂದೇ ಬೆರಳಿಗೆ. ಅದಕ್ಕೆ ದಿನಾ ಕೊಬ್ಬರಿ ಎಣ್ಣೆ, ರಾತ್ರಿ ಹಳೆಯ ಸಾಕ್ಸಿನ ತುದಿ ಕತ್ತರಿಸಿ ಮಾಡಿದ ಟೊಪ್ಪಿಗೆ. ಎರಡು ತಿಂಗಳಿಗೆ ಅದು ನೋಡುವಂತಾಯಿತು. ನೆಂಟರು ಬಂದರೆ ತೋರಿಸುತ್ತಿದ್ದ. ಟಕ್ ಬಂತು ಕೂಡ, ಮೂರು ದಿನ. ನಾಲ್ಕನೆಯ ದಿನ ಊಟಕ್ಕೆ ಕೂತು ಕಟಕಟಿ ಜೋಳದ ರೊಟ್ಟಿ ಮುರಿಯುವಾಗ ಮುರಿದದ್ದು ರೊಟ್ಟಿಯಲ್ಲ. ಅವನು ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದನೆಂದರೆ, ಅವ್ವ ಕೊನೆಗೆ, "ಅಷ್ಟ ಇದ್ರ ಮಣ್ಣ ಮಾಡಿ ಬಾರೋ ತಮ್ಮಾ, ಪಲ್ಯಾ ಆರಾಕತ್ತೇತಿ," ಎಂದಳು.

ಆಮೇಲೆ ಗಂಜಿ. ಇದು ನೇಕಾರರ ತಲೆಗೆ ಮಾತ್ರ ಹೊಳೆಯುವ ವಿಚಾರ. ನಮ್ಮ ಓಣಿಯ ಕೊನೆಯಲ್ಲಿ ಕೈಮಗ್ಗದವರು ಹಾಸಿನ ನೂಲನ್ನು ಉದ್ದಕ್ಕೆ ಕಟ್ಟಿ ಗಂಜಿ ಹಚ್ಚುತ್ತಾರೆ, ನೂಲು ಬಿರುಸಾಗಲಿ, ಹರಿಯದಿರಲಿ ಎಂದು. ಒಂದು ದಿನ ಕಾಕಾ ಅದನ್ನು ನೋಡುತ್ತ ನಿಂತವನು ನಿಂತೇ ಬಿಟ್ಟ. "ನೂಲ ಗಟ್ಟಿ ಆಗ್ತೇತಿ. ಬೆರಳ ಯಾಕ ಆಗಬಾರದು?" ಮರುದಿನದಿಂದ ಬಟ್ಟಲಲ್ಲಿ ಗಂಜಿ, ಗಂಜಿಯಲ್ಲಿ ಎರಡು ಬೆರಳು, ಆಮೇಲೆ ಕಟ್ಟೆಯ ಮೇಲೆ ಕೂತು ಕೈ ಚಾಚಿ ಬಿಸಿಲಿಗೆ ಒಣಗಿಸುವುದು. ಕಣ್ಣು ಮುಚ್ಚಿ, ಕೈ ಚಾಚಿ ಕೂತ ಮನುಷ್ಯನನ್ನು ನೋಡಿ ಸಂತೆಯಿಂದ ಬರುತ್ತಿದ್ದ ಒಬ್ಬ ಮುದುಕಿ ಅವನ ಅಂಗೈಯಲ್ಲಿ ಎರಡು ಪೇರಲ ಹಣ್ಣು ಇಟ್ಟು, ನಮಸ್ಕಾರ ಮಾಡಿ ಹೋದಳು. ಕಾಕಾ ಒಣಗುವವರೆಗೆ ಅಲುಗಾಡಲಿಲ್ಲ. ಹಣ್ಣು ನಾವು ತಿಂದೆವು.

ಗಂಜಿ ಬೆರಳು ಮನೆಯಲ್ಲಿ ಟಕ್ ಎಂದಿತು. ಹುನ್ನೂರಿನ ಒಂದು ಬೇಸಿಗೆಯ ಮದುವೆಯಲ್ಲಿ, ವೇದಿಕೆಯ ಬಿಸಿಗೆ ಬೆವರು ಬಂದು, ಎರಡನೆಯ ಹಾಡಿಗೇ ಕರಗಿತು. ಬೆರಳು ತಂತಿಗೆ ಅಂಟಿತು, ತಂತಿ ಬೆರಳಿಗೆ ಅಂಟಿತು. ಕಾಕಾ ಪ್ರತಿ ಸ್ವರಕ್ಕೂ ಬೆರಳನ್ನು ಕಿತ್ತುಕೊಳ್ಳಬೇಕಾಗಿ ಬಂದು ಹಾಡು ನಿಧಾನವಾಗುತ್ತ ಹೋಯಿತು. ಕುಣಿಯುತ್ತಿದ್ದ ಬೀಗರು ಒಬ್ಬೊಬ್ಬರಾಗಿ ಕೂತರು. ಅದು ಪ್ರೇಮಗೀತೆ. ಕೇಳಿದವರು ಯಾರಿಗೋ ಶ್ರದ್ಧಾಂಜಲಿ ನಡೆದಿದೆ ಎಂದುಕೊಂಡರಂತೆ.

ಹಳೆಯ ತಂತಿಗೆ ಹೊಳಪು ಬಂದರೆ ಸದ್ದಿಗೂ ಹೊಳಪು ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ನಾಲ್ಕೂ ತಂತಿ ಬಿಚ್ಚಿ ಅವ್ವನ ಪಾತೇಲಿಯಲ್ಲಿ ಕುದಿಸಲು ಇಟ್ಟ. ಅವ್ವ ಬಂದವಳು ಮುಚ್ಚಳ ತೆಗೆದು, ಕನ್ನಡಕ ಇಲ್ಲದ ಕಣ್ಣಿನಿಂದ ನೋಡಿ, "ಶಾವಿಗಿ ಭಾಳ ದಪ್ಪ ಹೊಸದಾರಲ್ಲ," ಎಂದು ಸೌಟು ಹಾಕಿದಳು. ಆ ಪಾತೇಲಿ ಈಗ ಬೇಸಿನ ಪಾತೇಲಿ ಎಂದೇ ಹೆಸರಾಗಿ ಗೋಡೆಯ ಗೂಡಿನಂಥ ಮಾಡದಲ್ಲಿ ಒಂಟಿಯಾಗಿ ಕೂತಿದೆ.

ಕೊನೆಗೆ ನನ್ನ ಬಳಿ ಬಂದ. "ತಂಗೀ, ನೀ ಇದನ್ನೆಲ್ಲಾ ಓದೀ ಅಲ್ಲ. ಹೇಳು, ಬೆರಳಿಗೂ ಪಿಕ್ಕಿಗೂ ಏನ ಫರಕ?" ನಾನು ಹಲಗೆಯ ಮೇಲೆ ಬರೆಯುವಂತೆ ಹಳೆಯ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ವಿವರಿಸಿದೆ. ಗಟ್ಟಿ ವಸ್ತು, ಸಣ್ಣ ತುದಿ, ಚುರುಕಾಗಿ ಬಿಡುವುದು, ತಂತಿಯ ಕೊನೆಗೆ ಹತ್ತಿರ ಹೊಡೆಯುವುದು, ಹಾಗೆ ಮಾಡಿದರೆ ಮೇಲಿನ ಸ್ವರಗಳು ಹೆಚ್ಚು ಕೇಳುತ್ತವೆ, ಅದೇ ನಿನ್ನ ಟಕ್. ಅವನು ಪೂರ್ತಿ ಕೇಳಿದ. "ಅಂದ್ರ ಗಟ್ಟಿ ಬೇಕು, ಸಣ್ಣದ ಬೇಕು, ಲಗೂನ ಬಿಡಬೇಕು."

"ಹೌದು."

"ಇಷ್ಟ ಹೇಳಾಕ ಹದಿನೇಳು ವರ್ಷ ಸಾಲಿ ಕಲತಿ ಏನ ನೀ?"

ಇವೆಲ್ಲದರ ನಡುವೆ ಅವನಿಗೆ ಇನ್ನೊಂದು ಅಭ್ಯಾಸವಿತ್ತು, ಅದಕ್ಕೂ ಬೆರಳಿಗೂ ಸಂಬಂಧ ಕಾಣುತ್ತಿರಲಿಲ್ಲ. ಅವನಲ್ಲಿ ಒಂದು ಸಣ್ಣ, ಉದ್ದನೆಯ ದಿಂಬು ಇತ್ತು. ಆಗಾಗ, ವಾರಕ್ಕೊಮ್ಮೆಯಾದರೂ, ಆ ದಿಂಬನ್ನು ಎಡ ಮುಂಗೈ ಮೇಲೆ ಬೋರಲಾಗಿ ಹಾಕಿಕೊಂಡು, ಒಂದು ತುದಿಯನ್ನು ಕೆಳಗೆ ಬಾಗಿಸಿ, ಬಲ ಅಂಗೈಯ ಬುಡದಿಂದ ಬೆನ್ನಿಗೆ ಬಡಿದಂತೆ ಬಡಿಯುತ್ತಿದ್ದ. ಐದು ಸಲ. ನಿಲ್ಲಿಸಿ ನೋಡಿ ಮತ್ತೆ ಐದು ಸಲ. ಧೂಳು ಝಾಡಿಸುತ್ತಾನೆ ಎಂದು ನಾವು ತಿಳಿದಿದ್ದೆವು. ಆ ದಿಂಬನ್ನು ತಲೆಗೆ ಇಟ್ಟುಕೊಂಡದ್ದನ್ನು ನಾನು ನೋಡಿರಲಿಲ್ಲ. ಮಲಗುವುದು ಮಡಚಿದ ಟವೆಲ್ಲಿನ ಮೇಲೆ. "ಇಷ್ಟ ಸ್ವಚ್ಛ ದಿಂಬ ನಮ್ಮ ಓಣ್ಯಾಗ ಇಲ್ಲ," ಎಂದು ನಾನು ಚೇಷ್ಟೆ ಮಾಡಿದರೆ, "ಇರ್ಲಿ ಬಿಡು," ಎನ್ನುತ್ತಿದ್ದ.

ಈ ಹಂಗಾಮಿನಲ್ಲಿ ಕಬ್ಬು ಅರೆಯುವುದು ಶುರುವಾಗಿ ನಮ್ಮವರಿಗೆ ಪಾಳಿ ಮೇಲೆ ಪಾಳಿ ಬಂತು. ನಾನು ಮಗಳನ್ನು ಕರೆದುಕೊಂಡು ಬನಹಟ್ಟಿಗೆ ಬಂದೆ, ಇಲ್ಲಿಂದಲೇ ದಿನಾ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಮಗಳ ಹೆಸರು ಅನ್ವಿ. ಕಾಕಾಗೆ ಆ ಹೆಸರು ಅರ್ಧಕ್ಕೇ ನಿಂತಂತೆ ಅನಿಸಿ ಅನ್ವೆವ್ವ ಎಂದು ಪೂರ್ತಿ ಮಾಡಿದ್ದ. ಆಗಲೇ ಒಂದು ಸಂಜೆ ಆರ್ಕೆಸ್ಟ್ರಾದ ಮಾಸ್ತರರು ಬಂದರು. ಕೀಬೋರ್ಡ್ ಬಾರಿಸುವವರು, ತಂಡ ಅವರದು. ಚಹಾ ಕುಡಿದು ಬಸಿ ಕೆಳಗಿಟ್ಟರು.

"ಕೇಳ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈಗಿನ ಹಾಡಿಗೆ ಆ ಟಕ್ ಇಲ್ಲಂದ್ರ ಹುಡುಗೂರು ಕುಣಿಯಂಗಿಲ್ಲ. ಮುಧೋಳದ ಮದುವ್ಯಾಗ ಪಿಕ್ ಹಿಡೀರಿ."

"ಕೈಲೆ ತರತೇನಿ ರೀ."

"ಇಪ್ಪತ್ತೈದು ವರ್ಷಾತು ಕೈಲೆ ತರಾಕತ್ತಿ." ಮಾಸ್ತರರು ಬಹುವಚನ ಬಿಟ್ಟು ಗೆಳೆತನಕ್ಕೆ ಇಳಿದರು. "ನನ್ನ ಎಡಗೈ ಖಾಲಿ ಐತಿ. ಕೀಬೋರ್ಡಿನಾಗ ಬೇಸ್ ಐತಿ. ನೀ ಬರಬ್ಯಾಡ ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ. ಹೇಳಸಬ್ಯಾಡ."

ಅವರು ಹೋದ ಮೇಲೆ ಕಾಕಾ ಗಿಟಾರಿಗೆ ಸೀರೆ ಸುತ್ತಿ ಗೋಡೆಗೆ ಒರಗಿಸಿ, ಅದರ ಪಕ್ಕದಲ್ಲೇ ಅದರ ಹಾಗೆಯೇ ಒರಗಿ ಕೂತ. ಊಟಕ್ಕೆ ಕರೆದ ಮೇಲೆಯೇ ಎದ್ದ. ಓದಿದ ನನಗೆ ಇದೆಲ್ಲ ಎಷ್ಟು ಸುಲಭದ ಸಮಸ್ಯೆ ಎನಿಸಿತು ನೋಡಿ. ಮನುಷ್ಯನಿಗೆ ಹಟ, ಹಟಕ್ಕೆ ಮದ್ದು ಅಂಗಡಿಯಲ್ಲಿದೆ. ಮೊಬೈಲ್ ತೆಗೆದು ಹನ್ನೆರಡು ಪಿಕ್ಕುಗಳ ಒಂದು ಪೊಟ್ಟಣ ತರಿಸಿದೆ. ಕೈಗೆ ಕೊಟ್ಟುಬಿಟ್ಟರೆ ಎಷ್ಟು ದಿನ ಬೇಡ ಅಂದಾನು?

ಅದೇ ಪೊಟ್ಟಣವನ್ನು ನಾನು ಹನ್ನೊಂದು ಇಪ್ಪತ್ತಕ್ಕೆ ಕತ್ತರಿಸಿದ್ದು.

ಚಾಪೆಯ ಮೇಲೆ ಸುರಿದೆ. ಕೆಂಪು, ಹಸಿರು, ಹಳದಿ, ನೇರಳೆ, ಪೆಪ್ಪರಮಿಂಟಿನ ಹಾಗಿದ್ದವು. ಅನ್ವಿ ನನ್ನ ಬೆನ್ನಿನ ಹಿಂದೆ ಪ್ಲಾಸ್ಟಿಕ್ ಎಮ್ಮೆಯ ಜೊತೆ ಕೂತಿದ್ದಳು. ಕಾಕಾ ಮಗ್ಗ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಚಾಪೆ ನೋಡಿದ. ಅವನ ಮುಖ ನಾನು ಅಲ್ಲಿಯವರೆಗೆ ನೋಡಿರದ ಮುಖವಾಯಿತು.

"ತಂಗೀ, ಅವನ್ನ ಮ್ಯಾಲ ಇಡು."

"ಕಾಕಾ, ಒಂದ ಸಲಾ ಹಿಡದರ ನೋಡು."

"ಮೊದಲ ಮ್ಯಾಲ ಇಡು."

ನಾನು ನಕ್ಕೆ.  ಒಂದು ಪಿಕ್ ಎತ್ತಿ ಬೆಳಕಿಗೆ ಹಿಡಿದು, ಗಟ್ಟಿ ವಸ್ತು, ಸಣ್ಣ ತುದಿ, ಚುರುಕಾಗಿ ಬಿಡುವುದು ಎಂದು ಪಾಠ ಹೇಳತೊಡಗಿದೆ. ಕಾಕಾ ನನ್ನ ಮಾತು ಕೇಳುತ್ತಿರಲಿಲ್ಲ. ಮಂಡಿಯೂರಿ ಎಲ್ಲವನ್ನೂ ಎರಡೂ ಕೈಯಿಂದ ಬಾಚಿಕೊಂಡ. ಹಾಸಿನಲ್ಲಿ ಒಂದು ಎಳೆ ಕಡಿಮೆಯಾದರೂ ನಿಂತಲ್ಲೇ ಗುರುತಿಸುವ ಕಣ್ಣು ಅದು.

"ಹನ್ನೊಂದ ಅದಾವ. ನಿನ್ನ ಕೈಯಾಗಿಂದು ಹಿಡದ."

"ಹನ್ನೆರಡ ಇದ್ವು, ಅಲ್ಲೇ ಎಲ್ಲೋ..."

"ಸುಮ್ಕಿರು."

ಓಣಿಯ ಮಗ್ಗಗಳೆಲ್ಲ ಬಡಿಯುತ್ತಿದ್ದವು. ನನಗೆ ಏನೂ ಕೇಳಲಿಲ್ಲ. ಅನ್ವಿ ಅಳಲಿಲ್ಲ, ಕೆಮ್ಮಲಿಲ್ಲ. ಅದೇ ವಿಷಯ. ಬೆಳಗಿನಿಂದ ಎಮ್ಮೆಗೆ ಏನೇನೋ ಹೇಳುತ್ತಿದ್ದ ಮಗು ಸುಮ್ಮನಾಗಿತ್ತು, ಮತ್ತು ಅದನ್ನು ಕೇಳಿಸಿಕೊಂಡವನು ಆ ಮನೆಯಲ್ಲಿ ಅವನೊಬ್ಬನೇ. ನಾನು ತಿರುಗಿ ನೋಡುವಷ್ಟರಲ್ಲಿ ಕಾಕಾ ನನ್ನನ್ನು ದಾಟಿ ಹೋಗಿದ್ದ. ಮಗಳ ಬಾಯಿ ತೆರೆದಿತ್ತು, ತುಟಿಯ ಸುತ್ತ ಬಣ್ಣ ಬದಲಾಗಿತ್ತು, ಎರಡೂ ಕೈ ಎಮ್ಮೆಯನ್ನು ಬಿಟ್ಟು ಗಾಳಿಯಲ್ಲಿದ್ದವು.

ಅವನು ಅವಳನ್ನು ಎಡ ಮುಂಗೈ ಮೇಲೆ ಬೋರಲು ಹಾಕಿಕೊಂಡ. ತಲೆ ಕೆಳಗೆ ಬಾಗಿಸಿದ. ಬಲ ಅಂಗೈಯ ಬುಡದಿಂದ, ಎರಡು ಹೆಗಲುಗಳ ನಡುವೆ, ಒಂದು. ಎರಡು. ಮೂರು. ನಾನು ಕತ್ತರಿ ಹಿಡಿದು ನಿಂತಿದ್ದೆ. ಹದಿನೇಳು ವರ್ಷ ಕಲಿತವಳು, ಕತ್ತರಿಯನ್ನು ಕೆಳಗಿಡಬೇಕೆಂಬುದು ಹೊಳೆಯದೆ ನಿಂತಿದ್ದೆ. ನಾಲ್ಕು. ಐದಕ್ಕೆ ನೇರಳೆ ಬಣ್ಣದ ಪಿಕ್ ಅವಳ ಬಾಯಿಂದ ಜಾರಿ ಬರಿ ನೆಲದ ಮೇಲೆ ಬಿತ್ತು.

ಟಕ್.

ಆಮೇಲೆ ಅವಳು ಅತ್ತಳು. ಆ ಅಳುವನ್ನು ನಾನು ಜೀವಮಾನದಲ್ಲಿ ಕೇಳಿದ ಯಾವ ಸಂಗೀತಕ್ಕೂ ಹೋಲಿಸಲಾರೆ. ಕಾಕಾ ನನ್ನ ಕೈಯಿಂದ ಕತ್ತರಿ ತೆಗೆದು ಮಾಡದಲ್ಲಿಟ್ಟು, ಅವಳನ್ನು ನನ್ನ ತೋಳಿಗೆ ಹಾಕಿ, ಮೂಲೆಗೆ ಹೋಗಿ ಕೂತ. ನೇರಳೆ ಪಿಕ್ಕನ್ನು ಹನ್ನೊಂದಕ್ಕೆ ಸೇರಿಸಿ ಮತ್ತೆ ಎಣಿಸಿದ. 

ಜಮಖಂಡಿಯ ಮಕ್ಕಳ ಡಾಕ್ಟರು ಗಂಟಲು ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿ, ಸ್ವಲ್ಪ ಗೀಚಿದೆ, ಬೇರೇನೂ ಇಲ್ಲ ಎಂದರು. ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ಕಾಕಾ ತೋರಿಸಿದ. "ಸರಿಯಾಗಿ ಮಾಡಿದ್ದೀರಿ. ಯಾರು ಕಲಿಸಿದರು?"

"ದಿಂಬ ರೀ," ಎಂದ ಕಾಕಾ.

ಡಾಕ್ಟರು ಇವನ ಕಣ್ಣಿಗೂ ಒಮ್ಮೆ ಬ್ಯಾಟರಿ ಹಾಕಿ ನೋಡೋಣವೇ ಎಂಬಂತೆ ನನ್ನ ಕಡೆ ನೋಡಿದರು.

ದಿಂಬಿನ ವಿಷಯ ನನಗೆ ಹೇಳಿದ್ದು ಅವ್ವ, ಮರುದಿನ ರೊಟ್ಟಿ ಬಡಿಯುತ್ತ. ಅವಳು ದೊಡ್ಡ ಸಂಗತಿಗಳನ್ನೆಲ್ಲ ರೊಟ್ಟಿ ಬಡಿಯುವಾಗಲೇ ಹೇಳುತ್ತಾಳೆ, ಮುಖ ನೋಡಬೇಕಾಗಿಲ್ಲವಲ್ಲ.

"ಅಂವ ಆ ಗಿಟಾರ ಮಿರಜಿಂದ ತಂದಾಗ ನೀ ಹಿಂಗ, ಇಷ್ಟ ಇದ್ದಿ. ಜೋಡಿಗೆ ಆ ಬಿಲ್ಲಿನೂ ತಂದಿದ್ದ. ಬಾರಿಸಿ ಬಾರಿಸಿ ಅಲ್ಲೇ ಚಾಪಿ ಮ್ಯಾಲ ಇಟ್ಟು ನೀರ ಕುಡ್ಯಾಕ ಹ್ವಾದ."

ನಾನು ಹಿಟ್ಟು ನಾದುವುದನ್ನು ನಿಲ್ಲಿಸಿದೆ.

"ನೀ ಬಾಯಾಗ ಹಾಕ್ಕೊಂಡಿ. ಅಂವ ನಿನ್ನ ನೋಡಕೋತ ಗೊಂಬಿ ಹಂಗ ನಿಂತ. ಕೈ ಕಾಲ ಆಡವಲ್ವು. ಮುಂದಿನ ಮನಿ ಮುದುಕಿ ಓಡಿ ಬಂದು ನಿನ್ನ ತೆಳಗ ಮಾಡಿ ಬಡದು ತಗದ್ಲು. ಮರದಿನ ಅಂವ ದವಾಖಾನಿಗೆ ಹೋಗಿ ಅಲ್ಲಿ ನರ್ಸ್‌ಬಾಯಿ ಕಡಿಂದ ಅದನ್ನ ಕಲತು ಬಂದ. ಆಕಿ ದಿಂಬಿನ ಮ್ಯಾಲ ತೋರಿಸಿದ್ಲಂತ. ಆವತ್ತಿಂದ ಹಿಡದ, ದಿಂಬಿಗೂ ಸಮಾಧಾನ ಇಲ್ಲ, ಬೆರಳಿಗೂ ಸಮಾಧಾನ ಇಲ್ಲ." ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು. "ನಿನಗ ಹೇಳಬ್ಯಾಡ ಅಂದಿದ್ದ."

ನಾನು ಮಗ್ಗದ ಮನೆಗೆ ಹೋದೆ. ಸದ್ದಿನಲ್ಲಿ ಕಿರುಚಿ ಕೇಳಬೇಕಾಯಿತು. "ಯಾಕ ಹೇಳಲಿಲ್ಲ ಕಾಕಾ?"

ಅವನು ಮಗ್ಗ ನಿಲ್ಲಿಸಿದ. "ಏನಂತ ಹೇಳೂದು? ಹೇಳಿದ್ರ ನಾ ಬಾರಿಸಿದಾಗೊಮ್ಮೆ ನೀ ಅದನ್ನ ನೆನಸತಿದ್ದಿ. ನೀ ಹಾಡ ಕೇಳಲಿ ಅಂತ ನನಗ."

"ಮತ್ತ ಬೇಸ್ ಬಿಡಬೇಕಾಗಿತ್ತಲ್ಲ, ಅಷ್ಟ ಇದ್ರ."

"ಬಿಟ್ಟಿದ್ದೆ. ಎಂಟ ದಿನಾ. ನೀನ ತೆವಳಿಕೋತ ಬಂದು ಅದರ ತಂತಿ ಜಗ್ಗಾಕ ಹತ್ತಿದಿ." ಅವನು ಮತ್ತೆ ಮಗ್ಗ ಹಾಕಿದ.

ಇನ್ನು ಆ ರಾತ್ರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಂಟೆಗೊಮ್ಮೆ ಎದ್ದು ಅವಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಬೆಚ್ಚಗೆ ತಾಗಿದರೆ ಮಲಗುತ್ತಿದ್ದೆ, ತಾಗಿದ್ದು ನಿಜವೋ ಭ್ರಮೆಯೋ ಎಂದು ಮತ್ತೆ ಏಳುತ್ತಿದ್ದೆ. ಹಾಗೆ ಎದ್ದಾಗಲೆಲ್ಲ ಬಾಗಿಲ ಹೊರಗೆ ಗೋಡೆಗೆ ಒರಗಿ, ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕಾಕಾ ಕೂತಿರುತ್ತಿದ್ದ. ಯಾಕೆ ಮಲಗಿಲ್ಲ ಎಂದರೆ, "ಸೆಕಿ ಭಾಳ ಐತಿ," ಎನ್ನುತ್ತಿದ್ದ. ಮಾಗಿಯ ಚಳಿ ಅದು. ಅವನು ಎರಡು ಕಂಬಳಿ ಹೊದ್ದಿರುತ್ತಿದ್ದ.

ಮುಧೋಳದ ಮದುವೆ ಹತ್ತಿರ ಬಂತು. ಹನ್ನೆರಡೂ ಪಿಕ್ಕುಗಳನ್ನು ಅವನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ, ಹಿಪ್ಪರಗಿಗೆ ಹೋಗಿ ಹೊಳೆಗೆ ಹಾಕುತ್ತೇನೆ ಎಂದ. ಮೀನು ನುಂಗಿದರೆ ಎಂದು ನಾನು ಕೇಳಿದೆ. ಅವನು ಗಾಬರಿಯಾಗಿ ಕೂತು ಯೋಚಿಸಿದ. ಕೊನೆಗೆ ಡಬ್ಬಿ ಒಲೆಗೆ ಹೋಯಿತು. ಮನೆಯೆಲ್ಲ ಎರಡು ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ. ಮದುವೆಗೆ ಮಾತ್ರ ಬರುವುದಿಲ್ಲವೆಂದು ಮಾಸ್ತರರಿಗೆ ಹೇಳಿ ಕಳಿಸಲು ತೀರ್ಮಾನ ಮಾಡಿಬಿಟ್ಟಿದ್ದ. ಸೀರೆ ಸುತ್ತಿದ ಬೇಸ್ ಗೋಡೆಗೆ ಒರಗಿ ಯಾರನ್ನೋ ಕಾಯುವವಳ ಹಾಗೆ ನಿಂತಿತ್ತು.

ಒಂದು ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣಿನಿಂದ ನಾನು ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಮಗ್ಗದ ಮನೆಯ ಬಾಗಿಲಲ್ಲಿ ನಿಂತಿದ್ದೆ. ಒಂದು ಎಳೆ ಹರಿಯಿತು. ಕಾಕಾ ಮಗ್ಗ ನಿಲ್ಲಿಸಿ ಎರಡು ತುದಿ ಹಿಡಿದು, ಹೆಬ್ಬೆರಳು ತೋರುಬೆರಳು ಕೂಡಿಸಿ ಹೊಸೆದು, ಉಗುರಿನಿಂದ ಚಟ್ಟನೆ ಹೊಡೆದು ಮಿಕ್ಕ ನೂಲು ಹಾರಿಸಿದ. ದಿನಕ್ಕೆ ನೂರು ಸಲ ಮಾಡುವ ಕೆಲಸ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಗಟ್ಟಿ ತುದಿ, ಸಣ್ಣ ತುದಿ, ಚುರುಕಾಗಿ ಬಿಡುವುದು.

"ಕಾಕಾ, ಇನ್ನೊಮ್ಮೆ ಮಾಡು."

"ಎಳಿ ಹರೀಲಿ ತಡಿ."

"ಎಳಿ ಬಿಡು. ಕೈ ಹಂಗ ಹಿಡಿ. ನಿನ್ನ ಕೈಯಾಗ ಪಿಕ್ ಐತಿ ಅನ್ಕೋ, ಪಿಕ್ ಒಂದ ಇಲ್ಲ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ತೋರುಬೆರಳಿನ ಉಗುರು ಮುಂದೆ, ಹೆಬ್ಬೆರಳು ಅದಕ್ಕೆ ಹಿಂದಿನಿಂದ ಆಸರೆ. ಉಗುರು ಉದ್ದ ಬೇಕಾಗಿಲ್ಲ, ಮುರಿಯುವುದಿಲ್ಲ, ಬೆವರಿಗೆ ಕರಗುವುದಿಲ್ಲ. ಬೇಸಿನ ಸೀರೆ ಬಿಚ್ಚಿದ. ಅಂಗೈಯ ಅಂಚನ್ನು ತಂತಿಗಳ ಬುಡದಲ್ಲಿ ಊರಿ, ಎಳೆ ಕೂಡಿಸುವ ಆ ಹಿಡಿತದಿಂದ ಎರಡನೆಯ ತಂತಿಗೆ ಒಂದು ಕೊಟ್ಟ.  ಮತ್ತೊಂದು ಕೊಟ್ಟ. ಅನ್ವಿ ನನ್ನ ಸೊಂಟದಿಂದ ಆ ಕಡೆ ಬಾಗಿದಳು.

"ಇಷ್ಟ ವರ್ಷ ಇದು ಇಲ್ಲೇ ಇತ್ತಲ್ಲ ತಂಗೀ," ಎಂದ. 

ಆ ಮಧ್ಯಾಹ್ನ ಮಾಸ್ತರರು ಕಾಕಾ ಮದುವೆಗೆ ಬರುತ್ತಾನೋ ಇಲ್ಲವೋ ಎಂದು ಕೇಳಲು ಬಂದವರು ಕಟ್ಟೆಯ ಮೇಲೆ ಕೂತಿದ್ದರು. ಒಳಗಿಂದ ಸದ್ದು ಬಂತು. ಅವರು ಚಹಾದ ಬಸಿ ಅರ್ಧಕ್ಕೆ ಹಿಡಿದು ಕೇಳಿದರು. "ಈಗ ಹಿಡದ ನೋಡ್ರಿ ವೈನೀ ಪಿಕ್. ನಾ ಹೇಳಿದ್ದಿಲ್ಲೇನು? ಆ ಟಕ್ ಬೆರಳಿಗೆ ಬರೂದ ಅಲ್ಲ."

ಅವ್ವ ಕದ ತೆರೆದಳು. ಕಾಕಾ ಎರಡೂ ಅಂಗೈ ಬಿಚ್ಚಿ ತೋರಿಸಿದ. ಖಾಲಿ. ಮಾಸ್ತರರು ಎದ್ದು ಹೋಗಿ ಅವನ ಬೆರಳ ಸಂದಿ ನೋಡಿದರು, ಅಂಗಿಯ ತೋಳು ನೋಡಿದರು, ಬೇಸಿನ ಹಿಂದೆ ನೋಡಿದರು.

"ಎಲ್ಲಿ ಮುಚ್ಚಿಟ್ಟೀಯಲೇ?"

"ಒಲಿಯಾಗ," ಎಂದಳು ಅವ್ವ.

ಮುಧೋಳದಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ನಮ್ಮವರೂ ಒಂದು ದಿನದ ರಜೆ ಹಾಕಿ ಬಂದಿದ್ದರು. ಕಾಕಾ ಎಂದಿನಂತೆ ಹಿಂದಿನ ಮೂಲೆಯಲ್ಲಿ, ಬೆಳಕು ಬೀಳದಲ್ಲಿ ನಿಂತಿದ್ದ. ಹುಡುಗರು ಕುಣಿದರು, ಬೀಗರು ಕುಣಿದರು. ಅವನ ಬೆರಳನ್ನು ಯಾರೂ ನೋಡಲಿಲ್ಲ. ನಾನು ಮೇಳದ ನಡುವೆ ಅದೊಂದನ್ನೇ ಹುಡುಕಿ ಹುಡುಕಿ ಕೇಳಿದೆ. ವಿಷಯ ತಿಳಿದರೆ ಬಾರಿಸಿದಾಗೊಮ್ಮೆ ನನಗೆ ಅದೇ ನೆನಪಾಗುತ್ತದೆ ಎಂದು ಅವನು ಹೇಳಿದ್ದು ತಪ್ಪು. ಈಗ ಗೊತ್ತಾದ ಮೇಲೂ ನನಗೆ ಕೇಳಿದ್ದು ಹಾಡೇ.

ದೀಪ ಹಚ್ಚುವ ಹೊತ್ತಿಗೆ ಬನಹಟ್ಟಿಗೆ ಬಂದೆವು. ಅನ್ವಿ ಬಸ್ಸಿನಲ್ಲೇ ಮಲಗಿದ್ದಳು. ಅವಳನ್ನು ಹಾಸಿಗೆಗೆ ಹಾಕಿ ನಾನೂ ಪಕ್ಕದಲ್ಲಿ ಒಂದು ನಿಮಿಷ ಅಡ್ಡಾದೆ.

ಕಣ್ಣು ಬಿಟ್ಟಾಗ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಓಣಿಯ ಮಗ್ಗಗಳು ಆಗಲೇ ಬಡಿಯುತ್ತಿದ್ದವು. ಹತ್ತೊಂಬತ್ತು ದಿನಗಳಾದ ಮೇಲೆ ಒಮ್ಮೆಯೂ ಏಳದೆ ಮಲಗಿದ್ದೆ. ದಡಕ್ಕನೆ ಎದ್ದು ಕೂತೆ. ಅನ್ವಿ ನನಗಿಂತ ಮೊದಲೇ ಎದ್ದು ಬಾಗಿಲಲ್ಲಿ ನಿಂತು ಹೊರಗೆ ಬೆರಳು ತೋರಿಸುತ್ತಿದ್ದಳು.

ಕಾಕಾ ಅಲ್ಲೇ ಬಾಗಿಲ ಹೊರಗೆ ಚಾಪೆಯ ಮೇಲೆ ಉದ್ದಕ್ಕೆ ಮಲಗಿದ್ದ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ. ಅವ್ವ ಚಹಾದ ಲೋಟ ಹಿಡಿದು ಬಂದವಳು ಎಬ್ಬಿಸಲು ಬಾಗಿ, ಎಬ್ಬಿಸದೆ ಹಾಗೆಯೇ ನಿಂತಳು.

ಮಡಚಿದ ಟವೆಲ್ ಒಂದು ಕಡೆ ಬಿದ್ದಿತ್ತು. ದಿಂಬು ಅವನ ತಲೆಯ ಕೆಳಗಿತ್ತು.